ಹೋಲ್ಡ್ ಆನ್ ರೀ

"ಹೋಲ್ಡ್ ಆನ್" ಎಂದು ನಿಲ್ಲಿಸಬೇಕಿತ್ತು. ಆದರೆ ಆ ಕಡೆ ಮಾತಾಡುತ್ತಿದ್ದದ್ದು ವಯಸ್ಸಾದವರ ದನಿ, ನಡುನಡುವೆ ಕೆಮ್ಮು ಬೇರೆ. ಕೊಟ್ರಮ್ಮನ ನಾಲಿಗೆ ಅವಳ ಮಾತು ಕೇಳದೆ "ರೀ" ಎಂದು ಸೇರಿಸಿಬಿಟ್ಟಿತು.

ಪಕ್ಕದಲ್ಲಿ ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದ, ಪರೀಕ್ಷೆ ಮಾಡಲು ಹುಬ್ಬಳ್ಳಿಯಿಂದ ಬಂದಿದ್ದ ಸಾಹೇಬರು ಕಾಗದದ ಮೇಲೆ ಪೆನ್ಸಿಲಿನಿಂದ ತಪ್ಪಿನ ಇನ್ನೊಂದು ಗೀಟು ಎಳೆದರು. ಹಿಂದೆ ನಿಂತಿದ್ದ ಸೂಪರ್‌ವೈಸರ್ ಗ್ರೇಸಮ್ಮ ಮೆಲ್ಲಗೆ ಹಣೆ ಮುಟ್ಟಿಕೊಂಡರು. ಮತ್ತೊಂದು ಗೀಟು ಬಿದ್ದರೆ ಕೊಟ್ರಮ್ಮನ ಪರೀಕ್ಷೆ ಮುಗಿದಂತೆ. ಪರೀಕ್ಷೆ ಹೋದರೆ ಬಳ್ಳಾರಿಯ ಈ ಟೆಲಿಫೋನ್ ಆಫೀಸೂ ಹೋಯಿತು, ಕೆಲಸವೂ ಹೋಯಿತು.

ಅದು ಎಪ್ಪತ್ತೆರಡನೆಯ ಇಸವಿ. ಸಿರುಗುಪ್ಪದಿಂದ ಅವಳನ್ನು ಬಸ್ಸಿಗೆ ಹತ್ತಿಸುವಾಗ ಅಪ್ಪ ಕೊಟ್ಟೂರಪ್ಪ ಖಡಾಖಂಡಿತ ಹೇಳಿದ್ದ. "ಪಾಸಾದ್ರ ಬಳ್ಳಾರ್ಯಾಗ ಇರು, ನಾ ಬ್ಯಾಡನ್ನಂಗಿಲ್ಲ. ಫೇಲಾದ್ರ ಕುರುಗೋಡಿನವ್ರಿಗೆ ಹೂಂ ಅಂತೀನಿ." ಕುರುಗೋಡಿನವರ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅವರ ಮನೆಯ ಸೊಸೆ ಕೆಲಸಕ್ಕೆ ಹೋಗುವಂತಿಲ್ಲ. ಕೊಟ್ರಮ್ಮನಿಗೋ ಈ ಟೆಲಿಫೋನ್ ಬೋರ್ಡೆಂದರೆ ಪ್ರಾಣ. ಒಂದು ಹುರಿ ಎಳೆದು ತೂತಿಗೆ ಚುಚ್ಚಿದರೆ ಗುಂತಕಲ್ಲು, ಇನ್ನೊಂದು ಚುಚ್ಚಿದರೆ ಹೊಸಪೇಟೆ. ಕೂತಲ್ಲಿಂದಲೇ ಊರು ಊರನ್ನು ಕೂಡಿಸುವ ಈ ಕೆಲಸ ಬಿಟ್ಟು ಇನ್ನೊಂದನ್ನು ಅವಳು ಬೇಡುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಮಾರ್ಕು ಬಂದಿದ್ದವು. ಇಲ್ಲಿಗೆ ಬಂದ ಮೇಲೆ ಆ ಮಾರ್ಕುಗಳು ಕೆಲಸಕ್ಕೆ ಬರಲಿಲ್ಲ. ಹೋಲ್ಡ್ ಅಂದರೆ ಹಿಡಿ, ಆನ್ ಅಂದರೆ ಮೇಲೆ ಎಂದು ಸಾಲೆಯಲ್ಲಿ ಕಲಿಸಿದ್ದರು. ಎರಡೂ ಕೂಡಿದರೆ 'ಸ್ವಲ್ಪ ತಡಿ' ಆಗುತ್ತದೆಂದು ಯಾವ ಮೇಷ್ಟರೂ ಹೇಳಿರಲಿಲ್ಲ. ಹ್ಯಾಂಗ್ ಅಪ್ ಅಂದರೆ ಮೇಲೆ ನೇತುಹಾಕುವುದಲ್ಲವಂತೆ, ಫೋನು ಕೆಳಗಿಡುವುದಂತೆ. ಹುಬ್ಬಳ್ಳಿಗೆ ಗೆಟ್ ಥ್ರೂ ಆಗುವುದೆಂದರೆ ಹುಬ್ಬಳ್ಳಿಯೊಳಗೆ ತೂರಿ ಆಚೆ ಹೋಗುವುದಲ್ಲ, ಅಲ್ಲಿಯವರು ಲೈನಿಗೆ ಸಿಗುವುದು. ಇಂಗ್ಲಿಷಿಗೆ ಬಾಲ ಕಟ್ಟಿದವರನ್ನು ಅವಳು ಮನಸಾರೆ ಬೈದುಕೊಂಡಿದ್ದಳು.

ಪಾರ್ವತಿನಗರದಲ್ಲಿ ಅವಳನ್ನು ಇಟ್ಟುಕೊಂಡಿದ್ದ ಸೋದರತ್ತೆ ದೊಡ್ಡಬಸಮ್ಮ ರೊಟ್ಟಿ ಬಡಿಯುತ್ತಲೇ ನಕ್ಕಿದ್ದಳು. "ಅದಕ್ಯಾಕ ಅಷ್ಟು ತಲಿ ಕೆಡಿಸ್ಕೊಂತೀಯಲೇ? ನಿಮ್ಮ ಮಾವ ನಿನ್ನೆ ಮಾಡಿದ ಹೋಳಿಗಿ ಎಲ್ಲಾ ತಿಂದುಬಿಟ್ರು ಅಂತೀವಿ. ಏನು ಬಿಟ್ರು? ಒಂದು ಚೂರು ಬಿಟ್ಟಿಲ್ಲ. ನಮ್ಮ ಮಾತಿಗೂ ಬಾಲ ಐತಿ, ನಮಗ ಕಾಣಂಗಿಲ್ಲ ಅಷ್ಟ."

ಆವತ್ತಿನಿಂದ ಬಾಲದ ಅಂಜಿಕೆ ಹೋಗಿತ್ತು. ಹೋಗದೆ ಉಳಿದದ್ದು ರೀ. ಕಂಡವರನ್ನು, ಕಾಣದವರನ್ನು, ಬಸ್ ಕಂಡಕ್ಟರನನ್ನು ಕೂಡ ರೀ ಹಚ್ಚಿ ಮಾತಾಡಿಸಿ ಬೆಳೆದವಳು ಅವಳು. ಗುರುತಿಲ್ಲದ ಹಿರಿಯರಿಗೆ 'ತಡಿ', 'ಜೋರಾಗಿ ಮಾತಾಡು', 'ಇಡು' ಎಂದು ಬೋಳುಬೋಳಾಗಿ ಅಪ್ಪಣೆ ಕೊಡುವುದೆಂದರೆ ಅವಳಿಗೆ ಹೊಡೆದಷ್ಟು ಪಾಪ.

"ಏಮ್ಮಾ, ಪ್ಲೀಸ್ ಅಂದ್ರೆ ಅದೇ ರೀ ಕಣಮ್ಮ" ಎಂದು ಗ್ರೇಸಮ್ಮ ಎಷ್ಟು ಸಲ ಹೇಳಿಕೊಟ್ಟಿದ್ದರೋ. ಮಾರನೆಯ ದಿನದಿಂದ ಕೊಟ್ರಮ್ಮ "ಪ್ಲೀಸ್ ರೀ" ಅನ್ನತೊಡಗಿದ್ದಳು.

ಈಗ ಸಿರುಗುಪ್ಪದ ಲೈನಿನ ದೀಪ ಹತ್ತಿತು. ಕೊಟ್ರಮ್ಮ ಹುರಿ ಚುಚ್ಚಿದಳು. ಸಿರುಗುಪ್ಪದ ಅಂಚೆ ಕಚೇರಿಯಲ್ಲಿ ಫೋನು ನೋಡಿಕೊಳ್ಳುವ ಪಾಲಯ್ಯ ಬಳ್ಳಾರಿಯ ಒಂದು ನಂಬರು ಹೇಳಿ, "ಪಾರ್ಟಿ ಮಾತಾಡ್ತಾರ" ಎಂದ. ಆ ನಂಬರು ಅವಳಿಗೆ ಗೊತ್ತಿದ್ದದ್ದೇ, ಅತ್ತೆಯ ಮನೆ ಮುಂದಿನ ಗಾದಿಲಿಂಗಪ್ಪನ ಕಾಳಿನ ಅಂಗಡಿಯದು. ಅಷ್ಟರಲ್ಲಿ ಕಿವಿ ಹರಿದುಹೋಗುವ ಹಾಗೆ ಒಂದು ದನಿ ಕೂಗಿತು.

"ಅಮ್ಮಾರs, ನಮಸ್ಕಾರ್ರಿ. ಸ್ವಲ್ಪ ಲಗೂನ ಕೊಡ್ರಿ."

ಸಾಹೇಬರು ಹೆಡ್‌ಸೆಟ್ಟನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದರು. ಕೊಟ್ರಮ್ಮನಿಗೆ ದನಿಯ ಗುರುತು ಹತ್ತಿತು. ಕೂಗಿದವನು ಅವಳ ಅಪ್ಪ.

ಅಂಗಡಿಯ ನಂಬರಿನಲ್ಲಿ ಯಾರೋ ಮಾತಾಡುತ್ತಿದ್ದರು. ಕಾಯಿಸಬೇಕು, ಅದನ್ನು ಇಂಗ್ಲಿಷಿನಲ್ಲೇ ಹೇಳಬೇಕು.

"ನಂಬರ್ ಎಂಗೇಜ್ಡ್. ಹೋಲ್ಡ್ ಆನ್, ಪ್ಲೀಸ್" ಎಂದಳು.

ರೀ ಬರಲಿಲ್ಲ. ಹುಟ್ಟಿದಾಗಿನಿಂದ 'ಅಪ್ಪಾ, ಬಾ, ಉಣ್ಣು' ಎಂದು ಕರೆದವನಿಗೆ ನಾಲಿಗೆ ರೀ ಎಲ್ಲಿಂದ ತಂದೀತು? ಬಾಯಿಂದ ಹೊರಟ ಮಾತು ಅಷ್ಟು ಸಲೀಸಾಗಿ, ಅಷ್ಟು ಚೊಕ್ಕವಾಗಿ ಕೇಳಿಸಿದ್ದಕ್ಕೆ ಅವಳಿಗೇ ಅಚ್ಚರಿಯಾಯಿತು. ಪೆನ್ಸಿಲು ಅಲುಗಲಿಲ್ಲ.

ಆ ಕಡೆ ಅಪ್ಪ ಪಾಲಯ್ಯನನ್ನು ಕೇಳುತ್ತಿದ್ದ. "ಅಮ್ಮಾರು ಹೋಲ್ಡ್ ಆನ್ ಅಂದ್ರು, ಹಂಗಂದ್ರೇನೋ?"

"ಹಿಡ್ಕೊಂಡಿರು ಅಂದ್ರು. ಕಿವಿಗೆ ಹಿಡ್ಕೊಂಡs ಇರು, ಬಿಡಬ್ಯಾಡ."

"ಹಿಡ್ಕೊಂಡs ಅದೀನ್ರಿ ಅಮ್ಮಾರ" ಎಂದು ಅಪ್ಪ ಮತ್ತೆ ಕೂಗಿದ. ಹೊತ್ತು ಕಳೆಯಬೇಕಲ್ಲ, ಮಾತು ಶುರುಮಾಡಿದ. "ಕುರುಗೋಡಿನ ಹಿರ್ಯಾರು ಆ ಅಂಗಡ್ಯಾಗ ಬಂದು ಕುಂತಾರ್ರಿ. ನಮ್ಮ ಹುಡುಗೀನ ಕೇಳಾಕ ಹತ್ಯಾರ. ಇವತ್ತs ಹೂಂ ಅನ್ನು, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ತೀವಿ ಅಂತ ಹೇಳಿ ಕಳಿಸ್ಯಾರ. ಅದಕ್ಕ ಅವಸರ್ರಿ."

ಕೊಟ್ರಮ್ಮನಿಗೆ ಎಲ್ಲ ತಿಳಿಯಿತು. ಪರೀಕ್ಷೆ ಮುಗಿಯುವ ಮೊದಲೇ ಅಪ್ಪ ಹೂಂ ಅನ್ನಲು ಹೊರಟಿದ್ದಾನೆ, ಆ ಹೂಂ ಅನ್ನು ದಾಟಿಸಬೇಕಾದವಳು ತಾನೇ. ಅಪ್ಪಾ ನಾನು ಅನ್ನಲೇ? ಲೈನಿನಲ್ಲಿ ಮನೆಮಾತು ಆಡಿದರೆ ಅಲ್ಲಿಗೇ ಎಬ್ಬಿಸಿ ಕಳಿಸುತ್ತಾರೆ. ನಂಬರು ಬಿಡುವಾಗಿಲ್ಲ ಎಂದು ಸುಳ್ಳು ಹೇಳಲೇ? ಸಾಹೇಬರ ಕಿವಿ ಅದೇ ಲೈನಿನಲ್ಲಿದೆ. ಅಷ್ಟರಲ್ಲಿ ಅಂಗಡಿಯ ನಂಬರು ಖಾಲಿಯಾಯಿತು. ಅವಳು ಗಂಟೆ ಬಾರಿಸಿದಳು, ಗಾದಿಲಿಂಗಪ್ಪ ಎತ್ತಿಕೊಂಡ.

"ಸಿರುಗುಪ್ಪ ಕಾಲಿಂಗ್. ಐಯಾಮ್ ಪುಟಿಂಗ್ ಯು ಥ್ರೂ. ಗೋ ಅಹೆಡ್, ಪ್ಲೀಸ್."

ಒಂದು ಮಾತೂ ತಡವರಿಸಲಿಲ್ಲ. ಕೂಡಿಸಿದ ಮೇಲೆ ಕೇಳಬಾರದು ಎಂಬುದು ನಿಯಮ. ಲೈನಿನ ಮಾತು ಹೆಡ್‌ಸೆಟ್ಟಿಗೆ ಕೊಡುವ ಕೀಲಿಯನ್ನು ಹಿಂದಕ್ಕೆ ಸರಿಸಿದಳು, ಕಿವಿ ಕಿವುಡಾಯಿತು. ಅಪ್ಪನೂ ಕುರುಗೋಡಿನವರೂ ಅವಳ ಕಣ್ಣೆದುರಿನ ಒಂದು ಹುರಿಯೊಳಗೆ ಅವಳ ಬಾಳನ್ನೇ ಮಾತಾಡುತ್ತಿದ್ದರು, ಅವಳಿಗೆ ಮಾತ್ರ ಕೇಳುವಂತಿಲ್ಲ. ನಡುವೆ ಬೇರೆ ದೀಪಗಳು ಹತ್ತಿದವು. ಹೊಸಪೇಟೆಯವರು ಯಾರೋ, ಹತ್ತಿ ಮಿಲ್ಲಿನವರು ಯಾರೋ. ಹೋಲ್ಡ್ ಆನ್, ಸ್ಪೀಕ್ ಅಪ್ ಎನ್ನುತ್ತ ಹೋದಳು. ಹಿಡಿತ ಸಿಕ್ಕ ನಾಲಿಗೆ ಮತ್ತೆ ಎಡವಲಿಲ್ಲ.

ಮಾತು ಮುಗಿದು ಫೋನು ಇಟ್ಟರೆ ಹುರಿಯ ಬುಡದಲ್ಲಿ ಅವರವರ ಪುಟ್ಟ ದೀಪ ಹತ್ತುತ್ತದೆ. ಅಂಗಡಿಯ ಕಡೆಯದು ಹತ್ತಿತು, ಸಿರುಗುಪ್ಪದ್ದು ಹತ್ತಲಿಲ್ಲ. ಅವಳು ಕೀಲಿ ಮುಂದೆ ತಳ್ಳಿದಳು.

"ಹ್ಯಾವ್ ಯು ಫಿನಿಶ್ಡ್, ಪ್ಲೀಸ್?"

"ಅಮ್ಮಾರs, ನೀವೇನ್ರಿ?" ಅಪ್ಪನ ದನಿ ಈಗ ತಗ್ಗಿತ್ತು. "ಒಲ್ಲೆ ಅಂದುಬಿಟ್ಟೆ ನೋಡ್ರಿ. ಹೂಂ ಅನ್ನಾಕಂತs ಬಂದಿದ್ದೆ. ನಮ್ಮ ಹುಡುಗೀನೂ ನಿಮ್ಮ ಆಫೀಸಿನಾಗs ಕಲಿಯಾಕತ್ತಾಳ್ರಿ, ಕೊಟ್ರಮ್ಮ ಅಂತ. ನೀವು ಹಂಗ ಟಕಟಕ ಮಾತಾಡಿದ್ದು ಕೇಳಿದ್ನ್ರಿ. ನಮ್ಮಕಿನೂ ಒಂದಿನ ಹಿಂಗ ಮಾತಾಡ್ತಾಳಂದ್ರ ನಾ ಯಾಕ ಕಟ್ಟಿ ಹಾಕ್ಲಿ? ಆಕಿಗೆ ಸ್ವಲ್ಪ ಹೇಳಿಕೊಡ್ರಿ ಅಮ್ಮಾರ. ನಿಮಗ ಪುಣ್ಯ ಬರ್ತೈತಿ."

ಬೋರ್ಡಿನ ದೀಪಗಳೆಲ್ಲ ಕಣ್ಣಲ್ಲಿ ಕಲಸಿಹೋದವು. ಎದ್ದು ಕುಣಿಯಬೇಕೆನಿಸಿತು, ಗ್ರೇಸಮ್ಮನನ್ನು ತಬ್ಬಿಕೊಳ್ಳಬೇಕೆನಿಸಿತು.

"ಥ್ಯಾಂಕ್ ಯು" ಎಂದಳು. "ಹ್ಯಾಂಗ್ ಅಪ್, ಪ್ಲೀಸ್."

ಸಾಹೇಬರು ಹೆಡ್‌ಸೆಟ್ ತೆಗೆದು ಕಿವಿ ಉಜ್ಜಿಕೊಂಡರು, ಕಾಗದಕ್ಕೆ ಸಹಿ ಹಾಕಿದರು. "ಪಾಸ್" ಎಂದು ಗ್ರೇಸಮ್ಮನಿಗೆ ಹೇಳಿ ಚಹಾಕ್ಕೆ ಎದ್ದರು. ಗ್ರೇಸಮ್ಮ ಕೊಟ್ರಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟು ಅವರ ಹಿಂದೆಯೇ ಹೋದರು.

ಸಿರುಗುಪ್ಪದ ಪುಟ್ಟ ದೀಪ ಇನ್ನೂ ಹತ್ತಿರಲಿಲ್ಲ. ಕಿವಿಯಲ್ಲಿ ಸೈಕಲ್ಲಿನ ಗಂಟೆ, ಪಾಲಯ್ಯ ಮುದ್ರೆ ಒತ್ತುವ ಸದ್ದು, ಅದರ ನಡುವೆ ಅಪ್ಪನ ಉಸಿರು. ಅಮ್ಮಾರು ಹಿಡಿದುಕೊಂಡಿರು ಅಂದಿದ್ದರು, ಅವನು ಹಿಡಿದುಕೊಂಡೇ ಇದ್ದ.

ಕೊಟ್ರಮ್ಮ ಸುತ್ತ ನೋಡಿ ಬಾಯಿಯನ್ನು ಮೌತ್‌ಪೀಸಿನ ಹತ್ತಿರ ತಂದಳು.

"ಅಪ್ಪಾ," ಎಂದಳು, "ಇನ್ನ ಇಡು."

"ಯವ್ವಾ, ನೀನs ಏನು?" ಎಂದಿತು ಅಪ್ಪನ ದನಿ. ದೀಪ ಹತ್ತಲಿಲ್ಲ.