ಆ ಕಡೆಯ ಹುಡುಗಿ

"ನಿಮ್ಮ ಕಡೆ ಬರ್ತಿದಾಳೆ ಅಂದ್ಕೊಂಡಿದ್ದೆ," ಎಂದರು ಅರ್ಥಶಾಸ್ತ್ರದ ಮೇಷ್ಟ್ರು.

"ನಾನು ನಿಮ್ಮ ಕಡೆ ಅಂದ್ಕೊಂಡಿದ್ದೆ," ಎಂದರು ಅಂತರರಾಷ್ಟ್ರೀಯ ಸಂಬಂಧಗಳ ಮೇಡಂ.

ಇಬ್ಬರೂ ಒಟ್ಟಿಗೇ ಹುಡುಗಿಯನ್ನು ನೋಡಿದರು. ಅವಳು ಮೇಜಿನ ಗಾಜಿನ ಕೆಳಗೆ ಸಿಕ್ಕಿಬಿದ್ದ ಒಂದು ಸತ್ತ ಇರುವೆಯನ್ನು ನೋಡುತ್ತಿದ್ದಳು.

ಅವಳದು ಎರಡೂ ವಿಷಯ ಸೇರಿದ ಪದವಿ. ಅರ್ಧ ಪಾಠ ಈ ಕಟ್ಟಡದಲ್ಲಿ, ಅರ್ಧ ಎದುರಿನ ಕಟ್ಟಡದಲ್ಲಿ. ಇಲ್ಲಿ ಹಾಜರಿ ಕೂಗಿದಾಗ ಉತ್ತರ ಬರದಿದ್ದರೆ, ಅವಳು ಆ ಕಡೆಯವಳು, ಅಲ್ಲಿರುತ್ತಾಳೆ ಎಂದು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಅಲ್ಲಿಯೂ ಅದೇ ಮಾತು. ಎರಡು ಮನೆಯ ನೆಂಟ ಉಪವಾಸ ಮಲಗಿದ ಎನ್ನುತ್ತಾರಲ್ಲ, ಹಾಗಾಯಿತು. ಇವರ ಮನೆಯಲ್ಲಿ ಉಂಡನೆಂದು ಅವರು, ಅವರ ಮನೆಯಲ್ಲಿ ಉಂಡನೆಂದು ಇವರು.

ಹಾಗೆಂದು ಅವಳು ಮನೆಯಲ್ಲಿ ಕೂತವಳಲ್ಲ. ಅಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದು ದಿನಾ ಬಸ್ಸು ಹತ್ತುತ್ತಿದ್ದಳು. ಎರಡು ಕಟ್ಟಡಗಳ ನಡುವೆ ಸೈಕಲ್ಲು ನಿಲ್ಲಿಸುವ ಕಡೆ ಒಂದು ಕಟ್ಟೆ. ಅಲ್ಲಿ ಕೂತು, ಉಂಡು, ಸಂಜೆಗೆ ಮನೆ ಸೇರುತ್ತಿದ್ದಳು. ಅಳು ಬರುತ್ತಿರಲಿಲ್ಲ. ಹಲ್ಲು ಕೀಳುವಾಗ ಸೂಜಿ ಹಾಕಿದ ದವಡೆ ಇರುತ್ತದಲ್ಲ, ಮುಟ್ಟಿದರೆ ಇದೆ, ಆದರೆ ತನ್ನದಲ್ಲ, ಹಾಗಿತ್ತು ಅವಳ ಮೈ.

ಅಪ್ಪ ಲಾರಿ ಓಡಿಸುತ್ತಿದ್ದ. ಪಕ್ಕದ ದೇಶಕ್ಕೂ ಈ ದೇಶಕ್ಕೂ ಯಾವುದೋ ಮಾತಿಗೆ ಮಾತು ಬೆಳೆದು ಗಡಿಯ ಗೇಟು ಹಾಕಿದರು. ಲಾರಿಗಳು ಸಾಲುಗಟ್ಟಿದವು. ಸಂಜೆ ಸಂಜೆ ಅಪ್ಪ ಫೋನು ಮಾಡುತ್ತಿದ್ದ: ಮುಂದಿನ ಲಾರಿಯ ಈರುಳ್ಳಿ ಕೊಳೆತು ನಾರುತ್ತಿದೆ, ಹಿಂದಿನ ಟೈಲ್ಸ್ ಲಾರಿಯವನ ಗೊರಕೆಗೆ ಟೈಲ್ಸೇ ಬಿರುಕು ಬಿಟ್ಟಿರಬೇಕು. ತನ್ನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನು ಮುಗಿದಿದೆ ಎಂದು ಮಾತ್ರ ಹೇಳಲಿಲ್ಲ. ಒಂದು ಸಂಜೆ ಫೋನು ಮಾಡಿದವನು ಟೈಲ್ಸ್ ಲಾರಿಯವನು.

ಆಮೇಲೆ ಗೇಟು ತೆಗೆದರು. ಅವಳು ತರಗತಿಗೆ ಮರಳಿದ ವಾರವೇ ಮೇಷ್ಟ್ರು ಆ ಗೇಟನ್ನು ಉದಾಹರಣೆಗೆ ತೆಗೆದುಕೊಂಡು ನಷ್ಟದ ಲೆಕ್ಕ ಮಾಡಿಸಿದರು. ಮಧ್ಯಾಹ್ನ ಮೇಡಂ ಅದೇ ಗೇಟು ಹಿಡಿದು, ಹಾಕಿದ್ದು ಯಾರ ಜಾಣತನ ಎಂದು ಹುಡುಗರನ್ನು ಎರಡು ಪಂಗಡ ಮಾಡಿ ವಾದಕ್ಕೆ ಬಿಟ್ಟರು. ಎರಡೂ ಒಳ್ಳೆಯ ಪಾಠಗಳೇ. ಮರುದಿನದಿಂದ ಅವಳು ಕಟ್ಟೆಯ ಮೇಲೆ ಕೂತಳು.

ಕೊನೆಯ ವರ್ಷದ ಪ್ರಬಂಧಕ್ಕೆ ಇಬ್ಬರೂ ಒಟ್ಟಿಗೆ ಕೂತು ಒಪ್ಪಬೇಕಾದ್ದರಿಂದ ಅವಳು ಎರಡು ಕಡೆಯೂ ಬಂದಿಲ್ಲವೆಂಬುದು ಈಗ ಬಯಲಾಗಿತ್ತು. ಹಾಜರಿ ಇಲ್ಲದೆ ಎರಡರಲ್ಲೂ ಪರೀಕ್ಷೆಗೆ ಕೂರಿಸುವಂತಿಲ್ಲ ಎಂದರು ಮೇಡಂ. ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಹೇಗಾದರೂ ಹಾಜರಿ ಹೊಂದಿಸಬಹುದು, ವರ್ಷ ಉಳಿಯುತ್ತದೆ. ಇಲ್ಲದಿದ್ದರೆ ವರ್ಷವಿಡೀ ಮತ್ತೆ ಓದಬೇಕು.

"ಒಂದನ್ನ ಬಿಟ್ಬಿಡಮ್ಮ," ಎಂದರು ಮೇಷ್ಟ್ರು. "ಎರಡು ದೋಣಿ ಮೇಲೆ ಕಾಲು ಯಾಕೆ?"

ಸೀಟು ಸಿಕ್ಕಿದ ದಿನ ಅಪ್ಪ, ಒಂದು ಕೊಂಡರೆ ಇನ್ನೊಂದು ಫ್ರೀಯಾ ಎಂದು ನಕ್ಕಿದ್ದ. ಆಮೇಲೆ ಚಕ್ರದ ನಟ್ಟು ಬಿಗಿ ಮಾಡುತ್ತಾ, ಸರಕಿಗೆ ಬೆಲೆ ಕಟ್ಟೋನು ಒಬ್ಬ, ಗೇಟು ಹಾಕೋನು ಇನ್ನೊಬ್ಬ, ಇಬ್ಬರ ಬುದ್ಧೀನೂ ಕಲಿತು ಬಾ ಎಂದಿದ್ದ.

"ಬಿಡಲ್ಲ ಸರ್," ಎಂದಳು ಹುಡುಗಿ.

ವರ್ಷ ಹೋಗುತ್ತದೆ ಎಂದು ಮೇಡಂ ಮತ್ತೊಮ್ಮೆ ಬಿಡಿಸಿ ಹೇಳಿದರು. ಹೋಗಲಿ ಎಂದಳು. ಇಷ್ಟು ಹಟ ಇರುವವಳು ತರಗತಿಗೆ ಯಾಕೆ ಬರಲಿಲ್ಲ ಎಂದು ಅವರು ಕೊಂಚ ಗಡುಸಾಗಿಯೇ ಕೇಳಿದರು.

"ಗೇಟಿನ ಸಾಲಲ್ಲಿ ನಮ್ಮಪ್ಪ ಇದ್ರು ಮೇಡಂ. ಅಲ್ಲೇ ತೀರ್ಕೊಂಡ್ರು."

ಬಸ್ಸು ತಡವಾಯಿತು ಎನ್ನುವಷ್ಟೇ ಸಪ್ಪಗೆ ಹೇಳಿದಳು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಮೇಡಂ ಸೆರಗು ಸರಿಮಾಡಿಕೊಂಡರು.

"ಒಂದು ಮಾತು ಹೇಳಬಾರದಿತ್ತೇನಮ್ಮ?" ಎಂದರು ಮೇಷ್ಟ್ರು ಕೊನೆಗೆ.

"ಯಾರಿಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಸರ್."

ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. ಮಡಚಿ ಮುಗಿದ ಮೇಲೆ, ಹಾಗಾದರೆ ನಾಳೆಯೂ ಬುತ್ತಿ ಕಟ್ಟಬೇಕು ತಾನೇ ಎಂದು ಕೇಳಿದಳು.

ಹೊಸ ವರ್ಷದ ಪಾಠ ಶುರುವಾದಾಗ ಅವಳು ತನಗಿಂತ ಚಿಕ್ಕವರ ತರಗತಿಯ ಬಾಗಿಲ ಬಳಿ ನಿಂತಳು. ಕಿಟಕಿಯ ಪಕ್ಕದ ಬೆಂಚಿನಲ್ಲಿದ್ದ ಗುಂಗುರು ಕೂದಲಿನ ಹುಡುಗಿ ತಲೆಯೆತ್ತದೆ ತನ್ನ ಬ್ಯಾಗನ್ನು ಕೆಳಗಿಟ್ಟು ಒಳಗೆ ಜರುಗಿದಳು. ಇವಳು ಪಕ್ಕದಲ್ಲಿ ಕೂತು ಡೆಸ್ಕಿನ ಮೇಲೆ ಅಂಗೈ ಊರಿದಳು. ಬೆಳಗಿನಿಂದ ಅಲ್ಲಿ ಬಿಸಿಲು ಬಿದ್ದಿತ್ತು. ಮರ ಬಿಸಿಯಾಗಿದೆ ಎಂದು ಇವಳಿಗೆ ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು.