ಒಂದನೇ ತಾರೀಖಿನ ಮೂವತ್ತು ಮೀನು

ಮೀನಿಗೆ ಅಂಕ ಕೊಡುವುದು ನನ್ನ ಕೆಲಸ. ಮೂತಿಯಿಂದ ಬಾಲದ ತನಕ ಉದ್ದ ಅಳೆದು, ತಕ್ಕಡಿಗೆ ಹಾಕಿ, ಉದ್ದಕ್ಕೆ ತಕ್ಕ ತೂಕ ಇದೆಯೇ ಎಂದು ಲೆಕ್ಕ ಮಾಡುತ್ತೇನೆ. ಅಂಕ ಒಂದು ಬಂದರೆ ಮೀನು ಉಂಡು ತಿಂದು ಸುಖವಾಗಿದೆ ಎಂದರ್ಥ, ಅದಕ್ಕಿಂತ ಕಡಿಮೆಯಾದರೆ ಸೊರಗಿದೆ. ನಮ್ಮಮ್ಮ ಇದೇ ಲೆಕ್ಕವನ್ನು ನನ್ನನ್ನು ಬಾಗಿಲಲ್ಲಿ ನೋಡಿದ ಕೂಡಲೇ ಮುಗಿಸುತ್ತಾಳೆ. ನನಗೆ ಅದೇ ಡಾಕ್ಟರೇಟು, ಎರಡು ವರ್ಷದ ಅಳತೆ.

ನಿಯಮ ಸುಲಭ. ತಿಂಗಳ ಒಂದನೇ ತಾರೀಖು, ಹೊಳೆ ಕಡಲು ಸೇರುವ ಅಳಿವೆಗೆ ಹೋಗಿ, ಬಲೆಯಿಂದ ಸುರಿದ ರಾಶಿಯಲ್ಲಿ ಕೈಗೆ ಬಂದ ಮೂವತ್ತು ಬೆಳ್ಳಿಮೀನು ಎತ್ತಿಕೊಳ್ಳಬೇಕು, ಆರಿಸಬಾರದು. ಮೊದಲ ದಿನವೇ ದಡದ ಕೆಸರು ನನ್ನ ಹೊಸ ಚಪ್ಪಲಿಯನ್ನು ನುಂಗಿತು. ಅಂದಿನ ಮೀನುಗಳೂ ಕಡ್ಡಿಯಂತಿದ್ದವು. ಚಪ್ಪಲಿಯ ದುಃಖದಲ್ಲಿ ಮುಖ ಊದಿಸಿಕೊಂಡು, ಬಲೆ ಹಾಕುವ ದೋಣಿಮಾವನಿಗೆ, “ಇನ್ಮೇಲೆ ನೀವೇ ಮೂವತ್ತು ಬಕೆಟ್ಟಿಗೆ ಹಾಕಿ ತಂದ್ಕೊಡಿ ಮಾವ,” ಎಂದೆ.

ಆಮೇಲೆ ಮೀನುಗಳು ತಿಂಗಳಿಂದ ತಿಂಗಳಿಗೆ ಮೈ ತುಂಬಿಕೊಂಡವು. ನನ್ನ ಮೇಷ್ಟ್ರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. “ಅಳಿವೆ ಚೇತರಿಸಿಕೊಂಡಿದೆ ಕಣಮ್ಮ! ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ಹೊಡೀತಾರೆ!” ಎಂದರು. ಪರೀಕ್ಷಕರು ಬರುವುದು ಹತ್ತನೇ ತಾರೀಖಿಗೆ. ಅವರು ಒಪ್ಪಿದರೆ ನಾನು ಡಾಕ್ಟರು.

ಒಂದನೇ ತಾರೀಖು ಕೊನೆಯ ಬಕೆಟ್ಟು ಬಂತು. ಮಧ್ಯಾಹ್ನ, ಧನ್ಯವಾದ ಹೇಳೋಣವೆಂದು ಮಾವನ ಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ಮೀನು ಹುರಿಯುತ್ತಿದ್ದಳು. ಬಾಣಲೆಯಲ್ಲಿದ್ದುದು ನನ್ನ ಬೆಳ್ಳಿಮೀನೇ, ಆದರೆ ಮುಳ್ಳಿಗೆ ಚರ್ಮ ಹೊದಿಸಿದಂತಿತ್ತು.

“ಇದೇನತ್ತೆ, ಇಷ್ಟು ಸೊರಗಿದೆ?”

“ಒಂದನೇ ತಾರೀಖಲ್ವಾ? ದಪ್ಪದ್ದೆಲ್ಲ ನಿನ್ನ ಬಕೆಟ್ಟಿಗೆ. ನಡುವಿಂದು ಮಾರಾಟಕ್ಕೆ. ಈ ಕಡ್ಡಿಗಳು ನಮಗೆ.”

ನಾನು ಮಾವನ ಕಡೆ ತಿರುಗಿದೆ.

ಮಾವ ಹೆಮ್ಮೆಯಿಂದ ಹೇಳಿದ: “ಮೊದಲ್ನೇ ದಿನ ಸಣ್ಣ ಮೀನು ನೋಡಿ ನಿನ್ನ ಮುಖ ಬಾಡಿಹೋಗಿತ್ತು ಮಗಳೇ. ಓದೋ ಹುಡುಗಿ, ಪರೀಕ್ಷೆ ಬೇರೆ. ಅವತ್ತಿಂದ ಒಂದೊಂದನ್ನೂ ಹೊಟ್ಟೆ ಒತ್ತಿ ನೋಡಿ ಆರಿಸ್ತೀನಿ. ಈಗ ಕೈ ಪಳಗಿದೆ!”

ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪಳಗಿದ್ದು ಮಾವನ ಕೈ, ಚೇತರಿಸಿಕೊಂಡದ್ದು ಅಳಿವೆಯಲ್ಲ. ಬೈಯಲು ಬಾಯಿ ತೆರೆದೆ. ಅತ್ತೆ ಆ ಕಡ್ಡಿಗಳಲ್ಲೇ ತುಸು ದಪ್ಪಗಿದ್ದುದನ್ನು ಹುಡುಕಿ ನನ್ನ ತಟ್ಟೆಗೆ ಹಾಕಿದಳು. ತೆರೆದ ಬಾಯಿಯಿಂದ ಮೀನು ತಿಂದೆ.

ಸುಮ್ಮನಿದ್ದುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದು ಒಂಬತ್ತು ದಿನ ಮನಸ್ಸು ಪಿಸುಗುಟ್ಟಿತು. ಹತ್ತನೇ ತಾರೀಖು ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, “ಮೀನು ಇಷ್ಟು ಪುಷ್ಟಿಯಾಗೋಕೆ ಕಾರಣ ಏನಮ್ಮ?” ಎಂದರು.

“ನನ್ನ ಸೋಮಾರಿತನ ಸಾರ್,” ಎಂದು ಎಲ್ಲವನ್ನೂ ಹೇಳಿದೆ.

ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕುಳಿತರು. ಪರೀಕ್ಷಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ, “ಇನ್ನೊಂದು ವರ್ಷ. ಕೆಸರಿಗೆ ಇಳಿದು,” ಎಂದು ಬರೆದರು.

ಮುಂದಿನ ಒಂದನೇ ತಾರೀಖು ಬರಿಗಾಲಲ್ಲಿ ಇಳಿದೆ. ಕಣ್ಣು ಮುಚ್ಚಿ ಮೂವತ್ತು ಎತ್ತಿಕೊಂಡೆ. ಕಡ್ಡಿ ಬಂದಾಗಲೆಲ್ಲ ಮಾವ, “ಅದು ಬೇಡ ಕಣೇ, ಅದು ಬೇಡ,” ಎಂದು ನರಳಿದ. ಅಂಕ ಒಂದರ ಹತ್ತಿರಕ್ಕೂ ಸುಳಿಯಲಿಲ್ಲ.

“ನಿನ್ನ ಫೇಲ್ ಮಾಡಲ್ವಾ?”

“ಇಲ್ಲ ಮಾವ, ಹಿಂಗಾದ್ರೇನೇ ಪಾಸು.”

ಅವನಿಗೆ ನಂಬಿಕೆ ಬರಲಿಲ್ಲ. ಸಂಜೆ ಫೋನ್ ಮಾಡಿದ. ನಾನು ಸರಿಯಾಗಿ ಊಟ ಮಾಡಿದೆನೇ ಎಂದು ಎರಡು ಸಲ ಕೇಳಿದ. ಆಮೇಲೆ, ಏನೋ ತಪ್ಪು ಮಾಡಿದವನಂತೆ ದನಿ ತಗ್ಗಿಸಿದ.

“ಇವತ್ತು ಮನೆಗೆ ಒಂದೆರಡು ದಪ್ಪ ಮೀನು ಉಳೀತು. ಒಂದನೇ ತಾರೀಖು ಇಂಥವು ಹೆಂಗೆ ಬಂದ್ವು ಅಂತ ನಿಮ್ಮತ್ತೆ ಕೇಳ್ತಾ ಇದ್ಲು. ತಿನ್ನಬಹುದಾ, ಇಲ್ಲ ನಿನಗೆ ಬೇಕಾ?”