ಬಲ್ಬಣ್ಣನಿಗೆ ತಪ್ಪು ಸಿಕ್ಕಿತು

ಪಕ್ಕದ ಮನೆಯವರಿಗೆ ಬಲ್ಬಣ್ಣ ಎಂದು ಹೆಸರಿಟ್ಟವಳು ನಾನೇ. ಬಲ್ಬ್ ಕಾರ್ಖಾನೆಯಲ್ಲಿ ತಪಾಸಣೆ ಅವರ ಕೆಲಸ. ತಯಾರಾದ ಪ್ರತಿ ಲೋಡಿನಿಂದ ಇಪ್ಪತ್ತು ಬಲ್ಬು ಆರಿಸುತ್ತಾರೆ, ಉರಿಸಿ ನೋಡುತ್ತಾರೆ, ಇಪ್ಪತ್ತೂ ಉರಿದರೆ ಇಡೀ ಲೋಡಿಗೆ ಮುದ್ರೆ ಒತ್ತುತ್ತಾರೆ. ಹದಿನೆಂಟು ವರ್ಷದಿಂದ ಅದೇ ಮುದ್ರೆ, ಅದೇ ಕೈ. ಮಾತಿಗೆ ಕೂತರೆ ಅರಳು ಹುರಿದ ಹಾಗೆ ಮಾತಾಡುವ ಮನುಷ್ಯ. ಅಂಥವರು ಮೂರು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರೆ ನನ್ನಂಥವಳಿಗೆ ತಡೆಯುತ್ತದೆಯೇ?

ಆಗಿದ್ದು ಇಷ್ಟು. ಅವರು ಮುದ್ರೆ ಒತ್ತಿ ಕಳಿಸಿದ ಎರಡು ಲೋಡು ಒಂದರ ಹಿಂದೆ ಒಂದು ವಾಪಸ್ಸು ಬಂದಿದ್ದವು. ಐದು ಬಲ್ಬಿನಲ್ಲಿ ಒಂದು ಉರಿಯುವುದಿಲ್ಲ ಎಂದು ಅಂಗಡಿಯವರ ದೂರು. ಆವತ್ತು ಬೆಳಿಗ್ಗೆ ಅವರ ಹೆಂಡತಿ ನನ್ನ ಬಾಗಿಲಿಗೆ ಬಂದಳು. ಅವಳು ಶಾಲೆಯ ವ್ಯಾನ್ ಓಡಿಸುತ್ತಾಳೆ, ಕೀಲಿಕೈ ಕೈಯಲ್ಲೇ ಇತ್ತು.

"ಅಕ್ಕಾ, ರಾಜೀನಾಮೆ ಬರೆದು ಜೇಬಲ್ಲಿ ಇಟ್ಕೊಂಡಿದ್ದಾರೆ. ಎರಡು ಗಂಟೆ ಪಾಳಿಗೆ ಹೋದವರೇ ಕೊಟ್ಟುಬಿಡ್ತಾರಂತೆ."

"ಬೇರೆ ಕಡೆ ಕೆಲಸ ಸಿಗಲ್ವಾ ಅವರಿಗೆ?"

"ಸಿಗುತ್ತೆ, ಅದಲ್ಲ ನನ್ನ ಚಿಂತೆ. ನಾನು ಮುಟ್ಟಿದ್ದೆಲ್ಲ ಕೆಡುತ್ತೆ ಅಂತ ಕೂತಿದ್ದಾರೆ. ನಿನ್ನೆ ಮಗಳು ಸೈಕಲ್ಲಿಗೆ ಗಾಳಿ ಹೊಡಿ ಅಪ್ಪಾ ಅಂದ್ರೆ, ನನ್ನ ಕೈಯಲ್ಲಿ ಬೇಡ ಪುಟ್ಟಾ ಅಂತ ಎದ್ದು ಒಳಗೆ ಹೋದ್ರು. ಇದೇ ಮನಸ್ಸಲ್ಲಿ ಕೆಲಸ ಬಿಟ್ರೆ ಆ ಮನುಷ್ಯ ಮತ್ತೆ ಏಳಲ್ಲ ಅಕ್ಕಾ."

"ನೀನು ಹೋಗಿ ವ್ಯಾನ್ ಹತ್ತು. ಅವರನ್ನ ನನಗೆ ಬಿಡು," ಎಂದೆ. ಹೇಳುವುದಕ್ಕೇನು, ಬಾಯಿ ನನ್ನದು! ಏನು ಮಾಡುವುದು ಎಂದು ನನಗೇ ಗೊತ್ತಿರಲಿಲ್ಲ.

ನಾನು ಮನೆಯಲ್ಲೇ ಅಡುಗೆ ಮಾಡಿ, ಬೀದಿಯ ಕೊನೆಯ ಪ್ರಿಂಟಿಂಗ್ ಪ್ರೆಸ್ಸಿನ ನಲವತ್ತು ಜನಕ್ಕೆ ಮಧ್ಯಾಹ್ನದ ಊಟ ಕಳಿಸುವವಳು. ಹನ್ನೆರಡೂವರೆಗೆ ಡಬ್ಬಿಗಳು ಹೊರಡಲೇಬೇಕು. ಬೇಸರದಲ್ಲಿರುವವರ ಎದುರು ಕೂತು ತಲೆ ಸವರುವುದು ನನಗೆ ಬಾರದ ವಿದ್ಯೆ. ಆದ್ದರಿಂದ ನೇರ ಅವರ ಮನೆಗೆ ನುಗ್ಗಿದೆ.

"ನಲವತ್ತು ಜನರ ಆಲೂಗಡ್ಡೆ ಸುಲಿಯೋರಿಲ್ಲದೆ ಬಿದ್ದಿದೆ. ಏಳ್ರೀ ಬಲ್ಬಣ್ಣ."

"ನಾನು ಬೇಡ ಅಕ್ಕಾ. ನಾನು ಮುಟ್ಟಿದ್ರೆ..."

"ಮುಟ್ಟಿದ್ರೆ ಏನು, ಆಲೂಗಡ್ಡೆ ಬದನೆಕಾಯಿ ಆಗುತ್ತಾ? ಏಳಿ ಮೇಲೆ!"

ಅಡುಗೆಮನೆಯಲ್ಲಿ ಸ್ಟೂಲು ಹಾಕಿ, ಚಾಕು ಕೊಟ್ಟು ಕೂರಿಸಿದೆ. ಒಂದೊಂದು ಆಲೂಗಡ್ಡೆಯನ್ನೂ ತಿರುಗಿಸಿ ತಿರುಗಿಸಿ ನೋಡಿ ಸುಲಿಯುತ್ತಿದ್ದರು. ಅವರು ಸುಲಿದಷ್ಟನ್ನು ನಾನು ಹೆಚ್ಚಿ ದೊಡ್ಡ ಪಾತ್ರೆಗೆ ಹಾಕುತ್ತಿದ್ದೆ. ಅದರಲ್ಲಿ ಕಾಳು ಆಗಲೇ ಬೆಂದಿತ್ತು, ಆಲೂಗಡ್ಡೆ ಬಿದ್ದ ಮೇಲೆ ಸಾರು ಗಟ್ಟಿಯಾಗಿ ಬುಳಬುಳ ಎನ್ನತೊಡಗಿತು. ಅರ್ಧ ಗಂಟೆ ಕಳೆದರೂ ಬಲ್ಬಣ್ಣ ತುಟಿ ಬಿಚ್ಚಲಿಲ್ಲ. ನನಗೆ ರೇಗಿತು.

"ಆಗಿದ್ದಾದ್ರೂ ಏನು ಅಂತ ನನಗೆ ಅರ್ಥ ಆಗೋ ಹಾಗೆ ಹೇಳ್ತೀರೋ ಇಲ್ವೋ?"

ಅವರು ಕೈಯಲ್ಲಿದ್ದ ಆಲೂಗಡ್ಡೆಯನ್ನೇ ಎತ್ತಿ ಹಿಡಿದರು. "ಒಂದು ಮೂಟೆ ಇದೆ ಅಂದ್ಕೊಳ್ಳಿ. ಅದರಲ್ಲಿ ಐದಕ್ಕೆ ಒಂದು ಕೊಳೆತಿದೆ. ಕಣ್ಣು ಮುಚ್ಚಿ ಕೈ ಹಾಕಿ ಇಪ್ಪತ್ತು ತೆಗೀತೀರಿ. ಇಪ್ಪತ್ತೂ ಒಳ್ಳೇದೇ ಸಿಗೋ ಸಂಭವನೀಯತೆ ಎಷ್ಟು?"

"ಆ ಉದ್ದದ ಪದ ಬಿಟ್ಟು ಹೇಳಿ."

"ಎಂಬತ್ತೇಳು ಸಲ ತೆಗೆದ್ರೆ ಎಲ್ಲೋ ಒಂದು ಸಲ ಹಾಗಾಗುತ್ತೆ. ಸರಿ, ಒಂದು ಸಲ ಆಯ್ತು ಅಂತ ಬಿಡೋಣ. ಆದರೆ ಎರಡು ಲೋಡಿಗೂ ಹಾಗೇ ಆಗ್ಬೇಕಂದ್ರೆ ಏಳೂವರೆ ಸಾವಿರಕ್ಕೆ ಒಂದು ಸಲ! ಹತ್ತು ಸಲ ಲೆಕ್ಕ ಹಾಕಿದ್ದೀನಿ. ಅಷ್ಟು ಅಪರೂಪಕ್ಕೆ ಆಗೋ ಕೆಟ್ಟದ್ದು ಹುಡುಕ್ಕೊಂಡು ಬಂದು ನನ್ನ ಕೈಗೇ ಸಿಕ್ಕಿದೆ. ಇದು ಲೆಕ್ಕ ಅಲ್ಲ ಅಕ್ಕಾ, ನನ್ನ ಹಣೆಬರಹ. ನನ್ನ ಕೈಗುಣ ಕೆಟ್ಟುಹೋಗಿದೆ. ನಾಳೆ ಇನ್ನೊಂದು ಲೋಡು ಆರಿಸಿದ್ರೂ ಹೀಗೇ ಆಗುತ್ತೆ."

"ಹಣೆಬರಹ ಅಂತೆ ಹಣೆಬರಹ!" ಎಂದು ಕಿರುಚಿ, ಸಿಟ್ಟಿನಲ್ಲೇ ಪಾತ್ರೆಗೆ ಉಪ್ಪು ಸುರಿದೆ. "ಹದಿನೆಂಟು ವರ್ಷ ಲೆಕ್ಕ ಮಾಡಿದ ಮನುಷ್ಯ ಆಡೋ ಮಾತಾ ಇದು? ನಲವತ್ತು ಜನ ದಿನಾ ನನ್ನ ಊಟ ಉಣ್ತಾರೆ. ಒಬ್ಬ ಉಪ್ಪು ಜಾಸ್ತಿ ಅಂತಾನೆ, ಒಬ್ಬ ಕಮ್ಮಿ ಅಂತಾನೆ. ನಾನೇನು ಹಣೆ ಚಚ್ಚಿಕೊಳ್ತೀನಾ? ನಾಳೆ ಮತ್ತೆ ಒಲೆ ಹಚ್ತೀನಿ!"

"ನಿಮ್ಮದು ಬೇರೆ ಅಕ್ಕಾ. ನೀವು ರುಚಿ ನೋಡಿ ಸರಿ ಮಾಡ್ತೀರಿ."

ಹಾಗೆಂದಾಗ ರುಚಿ ನೋಡುವುದು ನೆನಪಾಯಿತು. ಸೌಟಿನ ತುದಿಯಲ್ಲಿ ಸ್ವಲ್ಪ ತೆಗೆದು ನಾಲಿಗೆಗೆ ಹಚ್ಚಿದೆ. ಚಪ್ಪೆ. ಇನ್ನೊಂದು ಹಿಡಿ ಉಪ್ಪು ಹಾಕಿದೆ. ಜಗಳ ಮುಂದುವರಿಸಿದೆ. ಮತ್ತೆ ನೋಡಿದೆ, ಆಗಲೂ ಚಪ್ಪೆ. ಈ ಉಪ್ಪಿನ ಕಂಪನಿಯವರಿಗೆ ಏನು ಬಂದಿದೆ ಧಾಡಿ ಎಂದು ಬೈದುಕೊಂಡು ಮತ್ತೊಂದು ಹಿಡಿ ಹಾಕಿದೆ. ಆಮೇಲೆ, ಏನೇ ಆಗಲಿ ಈ ಮನುಷ್ಯನ ಹೊಟ್ಟೆಗೆ ನಾಲ್ಕು ತುತ್ತು ಹೋಗಲಿ ಎಂದು, ಕಾಳು, ಹೋಳು ಎರಡೂ ಬರುವ ಹಾಗೆ ಸೌಟನ್ನು ತಳದವರೆಗೂ ಇಳಿಸಿ ಒಂದು ಬಟ್ಟಲು ತುಂಬಿ ಅವರ ಮುಂದೆ ಕುಕ್ಕಿದೆ.

"ತಿನ್ನಿ. ಬೇಡ ಅಂದ್ರೆ ನನ್ನಾಣೆ."

ಬಲ್ಬಣ್ಣ ಒಲ್ಲದ ಮನಸ್ಸಿನಿಂದ ಒಂದು ಚಮಚ ಬಾಯಿಗಿಟ್ಟರು. ಮುಖ ಕಿವುಚಿಕೊಂಡು ಸಿಂಕಿನ ಕಡೆ ಓಡಿದರು.

"ಅಕ್ಕಾ! ಉಪ್ಪು! ಬಾಯಿ ಸುಟ್ಟ ಹಾಗಾಯ್ತು!"

"ಏನು ಆಟ ಆಡ್ತೀರಾ? ಎರಡು ಸಲ ನೋಡಿದ್ದೀನಿ. ಚಪ್ಪೆ ಅಂದ್ರೆ ಚಪ್ಪೆ!"

"ಎಲ್ಲಿಂದ ತೆಗೆದು ನೋಡಿದ್ರಿ?"

"ಎಲ್ಲಿಂದ ಅಂದ್ರೆ? ಮೇಲಿಂದ!"

ಅವರು ಬಾಯಿ ಒರೆಸಿಕೊಳ್ಳುತ್ತಾ ಬಂದು ಪಾತ್ರೆಗೆ ಬಗ್ಗಿದರು. ಮೇಲಿಂದ ಒಂದು ಚಮಚ ತೆಗೆದು ರುಚಿ ನೋಡಿದರು. ತಳದಿಂದ ಒಂದು ಚಮಚ ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿದರು. "ನೀವು ತಿರುವಿಯೇ ಇಲ್ಲ," ಎಂದರು.

ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಸೌಟು ಹಿಡಿದವಳು! "ನಿಮ್ಮ ಹಣೆಬರಹ ಕೇಳ್ತಾ ಕೇಳ್ತಾ ತಿರುವೋದು ಮರೆತೆ. ಉಪ್ಪೆಲ್ಲ ತಳದಲ್ಲೇ ಕೂತುಬಿಟ್ಟಿದೆ. ಮೇಲಿಂದ ಎಷ್ಟು ಸಲ ನೋಡಿದ್ರೇನು, ಅಲ್ಲಿ ಇದ್ರೆ ತಾನೆ ಗೊತ್ತಾಗೋದು!"

ಬಲ್ಬಣ್ಣ ಚಮಚ ಹಿಡಿದುಕೊಂಡು ನಿಂತಲ್ಲೇ ನಿಂತರು. ನಾನು ಕರೆದೆ, ಕೇಳಿಸಲಿಲ್ಲ. ಪಾತ್ರೆಯನ್ನೇ ನೋಡುತ್ತಿದ್ದರು. ಆಮೇಲೆ ಇದ್ದಕ್ಕಿದ್ದ ಹಾಗೆ ಕೂಗಿದರು.

"ನನ್ನ ಮಂಡಿ!"

ನನ್ನ ಜೀವ ಬಾಯಿಗೆ ಬಂತು. "ಏನಾಯ್ತು? ಜಾರಿದ್ರಾ?"

"ಇಲ್ಲ ಅಕ್ಕಾ! ನನ್ನ ಮಂಡಿನೋವು! ಒಂದು ತಿಂಗಳಿಂದ ಬಗ್ಗೋಕೆ ಆಗ್ತಿಲ್ಲ ಅಂತ..." ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಸುಲಿದ ಆಲೂಗಡ್ಡೆಗಳನ್ನು ಒಂದರ ಮೇಲೆ ಒಂದು ಪೇರಿಸಲು ನೋಡಿದರು, ಅವು ಉರುಳಿಹೋದವು. "ಪೆಟ್ಟಿಗೆಗಳನ್ನ ಆರು ಸಾಲು ಎತ್ತರ ಜೋಡಿಸಿರ್ತಾರೆ. ಆರೂ ಸಾಲಿಂದ ಬಲ್ಬು ತೆಗೀಬೇಕು. ಮಂಡಿ ಹಿಡ್ಕೊಂಡಾಗಿನಿಂದ ನಾನು ಕೈಗೆ ಸಿಗೋ ಮೇಲಿನ ಮೂರು ಸಾಲಲ್ಲೇ ಇಪ್ಪತ್ತೂ ತೆಗೆದುಬಿಡ್ತಿದ್ದೆ. ಎಲ್ಲ ಒಂದೇ ಮಾಲು ತಾನೆ ಅಂತ!"

"ಒಂದೇ ಅಲ್ವಾ?"

"ಅಲ್ಲ! ಬೆಳಿಗ್ಗೆ ಯಂತ್ರಕ್ಕೆ ಕಾವು ಏರೋಕೆ ಮೂರು ಗಂಟೆ ಬೇಕು. ಬಲ್ಬು ಕೆಡೋದಿದ್ರೆ ಆ ಮೊದಲ ಮೂರು ಗಂಟೆಯಲ್ಲೇ ಕೆಡೋದು. ಮೊದಲು ತಯಾರಾದ ಪೆಟ್ಟಿಗೆ ಮೊದಲು ಜೋಡಿಸ್ತಾರೆ. ಅಂದ್ರೆ ಎಲ್ಲಿಗೆ ಹೋಗುತ್ತೆ?"

"ತಳಕ್ಕೆ!" ಎಂದು ನಾನೂ ಕೂಗಿದೆ.

"ತಳಕ್ಕೆ! ಏಳೂವರೆ ಸಾವಿರಕ್ಕೆ ಒಂದು ಸಲ ಅಂತ ಅಳ್ತಾ ಕೂತಿದ್ದೆನಲ್ಲ, ಮಣ್ಣಂಗಟ್ಟಿ! ಮೇಲಿಂದ ತೆಗೆದ್ರೆ ಪ್ರತಿ ಸಲವೂ ಇಪ್ಪತ್ತೂ ಒಳ್ಳೇದೇ ಸಿಗ್ಬೇಕು. ನೂರಕ್ಕೆ ನೂರು! ಹಣೆಬರಹ ಅಲ್ಲ, ಕೈಗುಣ ಅಲ್ಲ. ತಪ್ಪು ನಂದು ಅಕ್ಕಾ! ನಂದೇ!"

ಇಷ್ಟು ಸಂತೋಷದಿಂದ ತಪ್ಪು ಒಪ್ಪಿಕೊಂಡ ಗಂಡಸನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನೆಟ್ಟಗಿಲ್ಲದ ಮಂಡಿಯಲ್ಲೇ ಅಡುಗೆಮನೆ ತುಂಬ ಕುಣಿದರು. ನಾನು ಸೌಟು ಎತ್ತಿ ಹಿಡಿದು ಜೊತೆಗೆ ಕುಣಿದೆ. ಎದುರು ಕಿಟಕಿಯವರು ಇಣುಕಿದರು, ಇಣುಕಲಿ ಬಿಡಿ.

ತಟ್ಟನೆ ಅವರು ನಿಂತರು. ಮುಖದ ಬಣ್ಣವೇ ಇಳಿದುಹೋಯಿತು. "ದೂರು ಬರೋ ಮೊದಲೇ ಮೂರನೇ ಲೋಡಿಗೂ ಮುದ್ರೆ ಒತ್ತಿದ್ದೀನಿ. ಇವತ್ತು ಒಂದು ಗಂಟೆಗೆ ಲಾರಿ ಹೊರಡುತ್ತೆ."

ಗಡಿಯಾರ ನೋಡಿದೆ. ಹನ್ನೊಂದೂ ಮುಕ್ಕಾಲು. ಅವರು ಕಾರ್ಖಾನೆಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಬಸ್ಸಿನಲ್ಲಿ ಹೋಗುವುದಕ್ಕೇ ನಲವತ್ತು ನಿಮಿಷ ಬೇಕು.

ಆಗ ನನಗೆ ಇನ್ನೊಂದು ಹೊಳೆಯಿತು. ಇಷ್ಟು ಹೊತ್ತು ಯೋಚಿಸಿರಲಿಲ್ಲ ನೋಡಿ. "ಬಲ್ಬಣ್ಣ, ಇಲ್ಲಿವರೆಗೆ ಕಾರ್ಖಾನೆಯವರೂ ನಿಮ್ಮ ಗ್ರಹಚಾರ ಅಂದ್ಕೊಂಡಿದ್ದಾರೆ. ನೀವಾಗಿ ಹೋಗಿ ನನ್ನ ಸೋಮಾರಿತನ ಅಂದ್ರೆ ಅವರೇ ಕೆಲಸದಿಂದ ತೆಗೆದುಹಾಕ್ತಾರೇನೋ?"

"ತೆಗೀಬಹುದು," ಎಂದರು. ಫೋನನ್ನು ಜೇಬಿಗಿಟ್ಟರು. "ತೆಗೆದ್ರೆ ತೆಗೀಲಿ. ಆದರೆ ಅದು ನಾನು ಮಾಡಿದ್ದಕ್ಕೆ ಅಕ್ಕಾ. ಮಾಡಿದ್ದನ್ನ ನಾಳೆ ಮಾಡದೆ ಇರಬಹುದಲ್ಲ!" ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಮೆಟ್ಟಿಲ ಕೆಳಗಿನವರೆಗೂ ಅವರ ಕುಂಟು ಹೆಜ್ಜೆಯ ಸದ್ದು ಕೇಳಿಸಿತು.

ನನ್ನ ಪಾತ್ರೆಯ ಕಥೆ ಕೇಳಬೇಡಿ. ಅರ್ಧ ಸಾರನ್ನು ಬೇರೆ ಪಾತ್ರೆಗೆ ಸುರಿದು, ಉಳಿದಿದ್ದ ಆಲೂಗಡ್ಡೆಯನ್ನೆಲ್ಲ ಬೇಯಿಸಿ ಎರಡಕ್ಕೂ ಹಾಕಿ, ನೀರು ಬೆರೆಸಿ, ರಟ್ಟೆ ಸೋಲುವಷ್ಟು ತಿರುವಿದೆ. ಇಪ್ಪತ್ತು ನಿಮಿಷ ತಡವಾಗಿ ಡಬ್ಬಿಗಳು ಹೊರಟವು. ಪ್ರೆಸ್ಸಿನವರಿಗೆ ನಾನೇ ಫೋನ್ ಮಾಡಿ, "ಇವತ್ತು ಉಪ್ಪು ಸ್ವಲ್ಪ ಜಾಸ್ತಿ, ತಪ್ಪು ನಂದು," ಎಂದೆ. ಹಾಗೆ ಹೇಳಿದಾಗ ಎದೆ ಎಷ್ಟು ಹಗುರಾಯಿತೆಂದರೆ, ಬಲ್ಬಣ್ಣ ಕುಣಿದಿದ್ದು ಯಾಕೆಂದು ಆಗ ಪೂರ್ತಿ ಅರ್ಥವಾಯಿತು.

ಸಂಜೆ ಅವರ ಹೆಂಡತಿ ವ್ಯಾನ್ ನಿಲ್ಲಿಸಿ ಬಂದಳು. ನಾನು ನಡೆದಿದ್ದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಹೆಜ್ಜೆ ಸದ್ದಾಯಿತು. ಬಲ್ಬಣ್ಣ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಪ್ಯಾಂಟಿನ ಎರಡೂ ಮಂಡಿಗೆ ಗೋದಾಮಿನ ಧೂಳು ಮೆತ್ತಿತ್ತು.

"ಲಾರಿ?" ಎಂದು ಕೇಳಿದವಳು ನಾನು.

"ಗೇಟಲ್ಲಿ ಸಿಕ್ತು! ಅಡ್ಡ ನಿಂತು ಪೆಟ್ಟಿಗೆ ಎಲ್ಲ ಇಳಿಸಿದೆ ಅಕ್ಕಾ. ಮಂಡಿ ಊರಿ ಕೂತು ತಳದ ಸಾಲಿಂದ ನಾನೇ ಇಪ್ಪತ್ತು ತೆಗೆದೆ. ಅದರಲ್ಲಿ ಒಂಬತ್ತು ಉರೀಲಿಲ್ಲ. ಮ್ಯಾನೇಜರ್ ಎದುರಿಗೇ!"

ಅವರ ಹೆಂಡತಿ ಇಬ್ಬರ ಮುಖವನ್ನೂ ನೋಡಿದಳು. "ಏನಾಗ್ತಿದೆ ಇಲ್ಲಿ? ರಾಜೀನಾಮೆ ಕೊಟ್ರಾ?"

"ಕೊಡಲಿಲ್ಲ. ಮಂಡಿನೋವು ಅಂತ ತಳದ ಪೆಟ್ಟಿಗೆ ನೋಡ್ತಾ ಇರಲಿಲ್ಲ ನಾನು. ಅದನ್ನ ಹೋಗಿ ಹೇಳಿದೆ. ಹೊಟ್ಟೆ ತುಂಬ ಬೈದ್ರು. ಎಂಟು ದಿನ ಕೆಲಸಕ್ಕೆ ಬರಬೇಡ ಅಂದ್ರು. ಒಂಬತ್ತನೇ ದಿನ ಬಾ, ಬರುವಾಗ ಮಂಡಿ ಡಾಕ್ಟರಿಗೆ ತೋರಿಸ್ಕೊಂಡು ಬಾ ಅಂದ್ರು."

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಸಿಟ್ಟು ಬರುತ್ತದೆ, ಗಂಡನಿಗೆ ಮಂಗಳಾರತಿ ಆಗುತ್ತದೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹಾಗಾದ್ರೆ ನಿಮ್ಮದೇ ತಪ್ಪಾ?" ಎಂದು ಕೇಳಿದಳು.

"ನಂದೇ ಕಣೇ."

"ನಿಜವಾಗ್ಲೂ? ಪೂರ್ತಿ ನಿಮ್ಮದೇ?"

"ಪೂರ್ತಿ ನಂದೇ."

"ಸದ್ಯ!" ಎಂದವಳೇ, ಮೂರು ದಿನ ಕಣ್ಣಲ್ಲಿ ಒಂದು ಹನಿ ತರದಿದ್ದ ಹೆಂಗಸು, ಗಂಡನ ಧೂಳು ಮೆತ್ತಿದ ಮಂಡಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟಳು.